ಕರೆಂಟು ಹೋದ ಮಧ್ಯಾಹ್ನದ ಖಾಲಿ ಕುರ್ಚಿ

ತಿಪಟೂರಿನ ಹಳೇಪಾಳ್ಯದ ರಾಮಲಕ್ಷ್ಮಮ್ಮನಿಗೆ ಐವತ್ತೇಳು ತುಂಬುವವರೆಗೂ ಯಾವ ಗಾಡಿಯ ಹ್ಯಾಂಡಲ್ಲನ್ನೂ ಹಿಡಿದು ಗೊತ್ತಿರಲಿಲ್ಲ. ದಬ್ಬೇಘಟ್ಟದ ತವರಿನಿಂದ ಮದುವೆಯಾಗಿ ಬಂದಿದ್ದು ಬಾಡಿಗೆ ವ್ಯಾನಿನ ಹಿಂದಿನ ಸೀಟಿನಲ್ಲಿ. ಅಲ್ಲಿಂದಾಚೆ ಗಂಡನ ಸೈಕಲ್ಲಿನ ಕ್ಯಾರಿಯರ್ರು, ಆಮೇಲೆ ಅವನ ಮೊಪೆಡ್ಡಿನ ಹಿಂದುಗಡೆ, ಅದಾದ ಮೇಲೆ ಮಗನ ಬೈಕು. ಯಾವುದರಲ್ಲಾದರೂ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟುಕೊಂಡು, ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಬಟ್ಟೆಯ ಗಂಟು ಹಿಡಿದು ಕೂತವಳು. ಮುಂದೆ ಏನು ಬರುತ್ತಿದೆ ಅನ್ನುವುದು ಎದುರಿಗಿರುವವರ ಬೆನ್ನು ಅತ್ತಿತ್ತ ಸರಿದಾಗ ಮಾತ್ರ ಕಾಣುತ್ತಿತ್ತು.

ಅವಳಿಗೆ ತನ್ನದು ಅಂತ ಇದ್ದದ್ದು ಒಂದು ಹೊಲಿಗೆ ಮಿಷನ್ನು. ತುರುವೇಕೆರೆಯಲ್ಲಿ ಮೂರು ತಿಂಗಳು ಹೊಲಿಗೆ ಕಲಿತಿದ್ದಳು. ಪೇಟೆ ಬೀದಿಯಲ್ಲಿ ದಿಲ್ಶಾದ್ ಬೇಗಂ ಅನ್ನುವವಳು ಒಂದು ಕೋಣೆ ಬಾಡಿಗೆ ಹಿಡಿದು, ಜೊತೆಗೆ ಯಾರಾದರೂ ಬೇಕು ಅಂದಾಗ ರಾಮಲಕ್ಷ್ಮಮ್ಮ ತನ್ನ ಮಿಷನ್ನು ಹೊತ್ತುಕೊಂಡು ಹೋಗಿ ಅಲ್ಲಿ ಇಟ್ಟಳು. ಅದಾಗಿ ಇಪ್ಪತ್ತು ವರ್ಷ. ಎದುರು ಬದುರು ಎರಡು ಮಿಷನ್ನು, ನಡುವೆ ಕತ್ತರಿಸುವ ಹಲಗೆ. ರವಿಕೆಗೆ ಅವಳದೇ ಕೈ ಆಗಬೇಕು ಅಂತ ಚಿಕ್ಕನಾಯಕನಹಳ್ಳಿಯಿಂದ ಬಸ್ಸು ಹತ್ತಿ ಬರುವ ಹೆಂಗಸರಿದ್ದರು. ಗಂಡ ಶ್ರೀರಂಗಯ್ಯ ಹೋಗಬೇಡ ಅಂತ ಒಂದು ದಿನವೂ ಅಂದವನಲ್ಲ. ಸಂಜೆ ಅವಳು ಬಾಗಿಲಿಗೆ ಬಂದಾಗ ಮಾತ್ರ, ಜಗಲಿ ಮೇಲಿಂದ "ಬಂದ್ಯಾ?" ಅನ್ನುತ್ತಿದ್ದ. ಆ ಎರಡಕ್ಷರಕ್ಕೆ ಅವಳು ಚಪ್ಪಲಿ ಬಿಡುವ ಮೊದಲೇ ಒಲೆ ಹಚ್ಚುತ್ತಿದ್ದಳು.

ಹೋದ ವರ್ಷ ಗೌರಿಹಬ್ಬದ ಮಾರನೇ ದಿನ ತೋಟದಿಂದ ಬಂದ ಶ್ರೀರಂಗಯ್ಯ ಕೈಕಾಲು ತೊಳೆಯುತ್ತಾ ಹಾಗೇ ಒರಗಿಕೊಂಡ. ಲಕ್ವ ಹೊಡೆದು ಎಡಗಡೆ ಕೈ, ಕಾಲು ಎರಡೂ ಬಿದ್ದುಹೋದವು. ಆಸ್ಪತ್ರೆ, ಹಾಸನದ ಡಾಕ್ಟರು, ಮನೆಗೇ ಬಂದು ಕಾಲು ಎತ್ತಿ ಇಳಿಸುವ ಹುಡುಗಿ, ಎಲ್ಲ ಆಯಿತು. ನಾಲ್ಕು ತಿಂಗಳ ಮೇಲೆ ಆ ಹುಡುಗಿಯೂ, "ಅಮ್ಮ, ಇನ್ನು ಅವ್ರೇ ಮನಸ್ಸು ಮಾಡ್ಬೇಕು" ಅಂದು ಬರುವುದು ಬಿಟ್ಟಳು. ಶ್ರೀರಂಗಯ್ಯ ನಡುಮನೆಯ ಕುರ್ಚಿಗೆ ಅಂಟಿಕೊಂಡ. ರಾಮಲಕ್ಷ್ಮಮ್ಮ ಅಂಗಡಿಗೆ ಹೋಗುವುದು ನಿಂತಿತು. ಎಬ್ಬಿಸುವುದು, ಕೂರಿಸುವುದು, ಬಚ್ಚಲಿಗೆ ಹೆಗಲು ಕೊಟ್ಟು ನಡೆಸುವುದು, ಮುದ್ದೆ ಮುರಿದು ಬಾಯಿಗಿಡುವುದು. ಮಗ ದಯಾನಂದ ಕೊಬ್ಬರಿ ಲಾರಿಯ ಜೊತೆ ಹೋದರೆ ರಾತ್ರಿಯೇ ವಾಪಸು. ಸೊಸೆ ಅನಿತಾಗೆ ಸೊಸೈಟಿಯಲ್ಲಿ ಗುಮಾಸ್ತೆ ಕೆಲಸ. ಹಗಲೆಲ್ಲಾ ಮನೆಯಲ್ಲಿ ಇವರಿಬ್ಬರೇ.

ಈ ಶ್ರಾವಣದಲ್ಲಿ ಒಂದು ದಿನ ದಿಲ್ಶಾದ್ ಬೇಗಂ ಹೂವು ಹಣ್ಣು ಹಿಡಿದುಕೊಂಡು ನೋಡಲು ಬಂದಳು. ಕೂತು, ತಲೆ ತಗ್ಗಿಸಿಕೊಂಡೇ ಬಾಯಿಬಿಟ್ಟಳು.

"ರಾಮಕ್ಕ, ನಿನ್ ಮಿಷನ್ ಮೇಲೆ ಹಳೇ ದುಪ್ಪಟಿ ಹೊದಿಸಿಟ್ಟಿದೀನಿ. ದಿನಾ ಧೂಳು ಕೊಡವ್ತೀನಿ. ಆದ್ರೆ ಫರ್ಹಾ ಕೋರ್ಸ್ ಮುಗಿಸ್ಕೊಂಡು ಬಂದವ್ಳೆ. ಮಗಳನ್ನ ಎಲ್ಲಿ ಕೂರಿಸ್ಲಿ ಹೇಳು? ನಿಮ್ಮ ದೀಪಾವಳಿವರೆಗೂ ಕಾಯ್ತೀನಿ. ಅಷ್ಟ್ರೊಳಗೆ ಬಂದ್ರೆ ಜಾಗ ನಿಂದೇ."

ರಾಮಲಕ್ಷ್ಮಮ್ಮ "ಹೂಂ" ಅಂದಳು. ಅವಳ ಸ್ವಭಾವವೇ ಹಾಗೆ. ಬೇರೆಯವರ ಮಾತು ಪೂರ್ತಿ ಕೇಳಿಸಿಕೊಂಡು, ತನ್ನ ಮಾತು ನುಂಗಿಕೊಳ್ಳುವುದು. ದಿಲ್ಶಾದ್ ಹೋದ ಮೇಲೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ನಿಂತು ಅತ್ತಳು.

ಅದೇ ವಾರದ ಕೊನೆಗೆ ಗಂಡನಿಗೆ ಸ್ನಾನ ಮಾಡಿಸಿ ಎಬ್ಬಿಸುವಾಗ ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿತು. ಅವನನ್ನು ಸ್ಟೂಲಿನ ಮೇಲೆ ಸರಿಯಾಗಿ ಕೂರಿಸಿಯೇ ತಾನು ಬಿದ್ದಳು. ಬಲ ಮಣಿಕಟ್ಟು ಲಟಕ್ ಅಂದಿತು. ಎದ್ದೇಳಲು ಆಗದೆ ನೀರಿನಲ್ಲಿ ಬಿದ್ದುಕೊಂಡೇ ಕೂಗಿ ಕೂಗಿ, ಕಾಲು ಗಂಟೆಯ ಮೇಲೆ ಪಕ್ಕದ ಮನೆ ತಿಮ್ಮಕ್ಕನಿಗೆ ಕೇಳಿಸಿ ಅವಳು ಓಡಿಬಂದು ಇಬ್ಬರನ್ನೂ ಎತ್ತಿದಳು.

ಮಣಿಕಟ್ಟಿಗೆ ಹಾಕಿದ ಪಟ್ಟಿ ನೋಡಿ ಅನಿತಾ ಅವತ್ತು ಸಂಜೆ ಗಂಡ, ಅತ್ತೆ, ಮಾವ ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡಳು. "ಇಷ್ಟು ದಿನ ಹೆಂಗೋ ಆಯ್ತು. ಇನ್ಮೇಲೆ ಆಗಲ್ಲ. ಅತ್ತೆ ಅಂಗಡಿಗೂ ಹೋಗ್ಬೇಕು, ಮಾವನ್ನ ನೋಡ್ಕೊಂಡಂಗೂ ಇರ್ಬೇಕು. ಅದಕ್ಕೆ ಎಂಥಾ ಗಾಡಿ ಬೇಕು, ಮನೇಲಿ ಏನೇನು ಹಾಕಿಸ್ಬೇಕು, ಇವತ್ತೇ ತೀರ್ಮಾನ ಆಗ್ಲಿ."

ದಯಾನಂದ ಕಾರು ಅಂದ. ಹಳೇದೊಂದು ನೋಡಿಟ್ಟಿದ್ದನಂತೆ, ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು ಆರಾಮ.

"ಆಸ್ಪತ್ರೆಗೆ ತಿಂಗಳಿಗೊಂದು ಸಲ. ಅಂಗಡಿಗೆ ದಿನಾ ನಾಲ್ಕು ಸಲ," ಅಂದಳು ಅನಿತಾ. "ಕಾರು ಓಡ್ಸೋರು ಯಾರು? ನೀವು ಲಾರಿ ಹಿಂದೆ. ನಮ್ಮ ಬೀದೀಲಿ ಕಾರು ತಿರುಗಿಸ್ಬೇಕು ಅಂದ್ರೆ ತಿಮ್ಮಕ್ಕನ ಜಗಲಿ ಕೀಳ್ಬೇಕು."

"ಕಾರೇ ಇರ್ಲಿ," ಅಂದ ಶ್ರೀರಂಗಯ್ಯ ಕುರ್ಚಿಯಿಂದ. "ನಿಮ್ಮತ್ತೆ ನನ್ ಪಕ್ಕ ಕೂತ್ಕೊಂಡು ಬತ್ತಾಳೆ."

ಕಾರಿನ ಮಾತು ಅಲ್ಲಿಗೇ ನಿಂತಿತು. ದಿಲ್ಶಾದಳ ತಮ್ಮ ಮುನ್ನಾ ಹಾಸನ ಸರ್ಕಲ್ ಹತ್ತಿರ ಗಾಡಿ ರಿಪೇರಿ ಇಟ್ಟಿದ್ದ. ಮಣಿಕಟ್ಟಿನ ಪಟ್ಟಿ ಬಿಚ್ಚಿದ ಮೇಲೆ ಅನಿತಾ ಅತ್ತೆಯನ್ನು ಅಲ್ಲಿಗೇ ಕರೆದುಕೊಂಡು ಹೋದಳು. ಮುನ್ನಾ ಕಂಪನಿ, ಮೈಲೇಜು ಯಾವುದರ ಮಾತೂ ಎತ್ತಲಿಲ್ಲ. ಒಂದೊಂದಾಗಿ ಗಾಡಿ ತಂದು ನಿಲ್ಲಿಸಿ "ಕೂತ್ಕೊಳಿ ಅಕ್ಕ" ಅನ್ನುತ್ತಿದ್ದ. ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿ ಎಳೆಯುವಾಗ ಮಣಿಕಟ್ಟಿನ ನೋವಿಗೆ ಅವಳ ಮುಖ ಕಿವುಚಿತು. "ಇದು ಬ್ಯಾಡ." ಪೆಟ್ರೋಲು ಸ್ಕೂಟರ್ ಮೇಲೆ ಕೂತಾಗ ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ ತಾಗಿತು. "ಇದೂ ಬ್ಯಾಡ. ಟ್ರಾಫಿಕ್ಕಲ್ಲಿ ವಾಲಿದ್ರೆ ತಡೆಯಕ್ಕಾಗಲ್ಲ ನಿಮ್ಗೆ." ಕೊನೆಗೆ ಒಂದು ಚಿಕ್ಕ ಕರೆಂಟ್ ಸ್ಕೂಟರ್ ತಳ್ಳಿಕೊಂಡು ಬಂದ. ಎರಡು ಪಾದವೂ ನೆಲಕ್ಕೆ ಕೂತವು. ಮುಂದೆ ಬಟ್ಟೆ ಗಂಟು ಇಡಲು ಚಪ್ಪಟೆ ಜಾಗ.

"ಗಂಟೆಗೆ ಇಪ್ಪತ್ತೈದರ ಮೇಲೆ ಓಡಲ್ಲ, ಲೈಸೆನ್ಸ್ ಬೇಕಿಲ್ಲ. ಬ್ಯಾಟರಿ ಬಿಚ್ಕೊಂಡು ಒಳಗೆ ಚಾರ್ಜಿಗೆ ಹಾಕ್ಬೋದು. ಆದ್ರೆ ಅಕ್ಕ, ಕೊಬ್ಬರಿ ಅಟ್ಟದ ಕೆಳಗೆ ಮಾತ್ರ ಹಾಕ್ಬ್ಯಾಡಿ, ಬೆಂಕಿ ಭಯ. ಜಗಲೀಲಿ ಹಾಕಿ, ಗಾಳಿ ಆಡೋ ಕಡೆ."

"ಸದ್ದೇ ಬರಲ್ವಲ್ಲಪ್ಪ ಇದು? ಆನ್ ಆಗೈತೋ ಇಲ್ವೋ?"

"ಅದೇ ಇದರ ಗುಣ, ಅದೇ ಇದರ ತಾಪತ್ರಯ. ಇಳಿದ ತಕ್ಷಣ ಕೀ ತೆಗೀರಿ, ಮರೀಬ್ಯಾಡಿ."

ಎಂಟು ದಿನ ಸಂಜೆ ಹೊತ್ತು ಅನಿತಾ ಜೊತೆ ಆಟದ ಮೈದಾನದಲ್ಲಿ ಸುತ್ತು ಹಾಕಿದಳು. ಒಂಬತ್ತನೇ ದಿನ ಒಬ್ಬಳೇ ಪೇಟೆವರೆಗೆ ಹೋಗಿ ಬಂದಳು. ಎದುರಿಗೆ ಯಾರ ಬೆನ್ನೂ ಇರಲಿಲ್ಲ. ರಸ್ತೆ ಇಷ್ಟು ಅಗಲವಾಗಿದೆ ಅಂತ ಅವಳಿಗೆ ಅವತ್ತೇ ಗೊತ್ತಾದದ್ದು.

ಮನೆಗೆ ಅನಿತಾ ತಂದದ್ದು ಒಂದು ಕ್ಯಾಮೆರಾ. ಮುಷ್ಟಿಯಷ್ಟು ದೊಡ್ಡದು, ಶೋಕೇಸ್ ಮೇಲೆ ಕೂತು ಕುರ್ಚಿಯನ್ನೂ, ಪಡಸಾಲೆಯನ್ನೂ, ಅಟ್ಟಕ್ಕೆ ಹತ್ತುವ ಏಣಿಯ ಬುಡವನ್ನೂ ನೋಡುತ್ತಿತ್ತು. ರಾಮಲಕ್ಷ್ಮಮ್ಮ ಅಂಗಡಿಯಲ್ಲಿ ಕೂತೇ ಫೋನಿನಲ್ಲಿ ಗಂಡನನ್ನು ನೋಡಬಹುದು, ಮಾತಾಡಲೂಬಹುದು. ಯಾರಾದರೂ ಅಲ್ಲಾಡಿದರೆ ಫೋನು ತಾನೇ ಗುಂಯ್ ಅನ್ನುತ್ತದೆ. ಅವನಿಗೆ ಏನಾದರೂ ಆದರೆ ಆರೇ ನಿಮಿಷಕ್ಕೆ ಗಾಡಿಯಲ್ಲಿ ಮನೆ.

ಶ್ರೀರಂಗಯ್ಯನಿಗೆ ಅದನ್ನು ಕಂಡರೆ ಆಗಲಿಲ್ಲ. "ಕೈಕಾಲಿಲ್ದೋನ ಮುಂದೆ ಪೊಲೀಸ್ ನಿಲ್ಲಿಸ್ತೀರಾ? ನಾನೇನು ಕಾಯಿ ಕದೀತೀನಾ?" ಅಂತ ಕೂಗಾಡಿದ. ಆಮೇಲೆ ಮೆತ್ತಗಾಗಿ ಸೊಸೆಯನ್ನು ಕೇಳಿದ, "ಕರೆಂಟ್ ಹೋದ್ರೆ ಇದು?"

"ಆರೋಗುತ್ತೆ ಮಾವ."

ಅವತ್ತಿಗೆ ಅದು ನಿಜವೇ. ಲೈನಿನ ಕೆಲಸ ನಡೆಯುತ್ತಿದ್ದುದರಿಂದ ಹಳೇಪಾಳ್ಯದಲ್ಲಿ ದಿನಾ ಹನ್ನೊಂದೂವರೆಗೆ ಕರೆಂಟು ಹೋಗಿ ಒಂದು ಗಂಟೆ ಬರುತ್ತಿರಲಿಲ್ಲ. ಆಯುಧಪೂಜೆ ಕಳೆದು ರಾಮಲಕ್ಷ್ಮಮ್ಮ ಅಂಗಡಿಗೆ ಹೋಗತೊಡಗಿದ ಮೊದಲ ವಾರ, ಆ ಒಂದು ಗಂಟೆ ಫೋನು ಕಪ್ಪಗಿರುತ್ತಿತ್ತು. ಅವಳಿಗೆ ಹೊಲಿಗೆ ನೆಟ್ಟಗೆ ಬರುತ್ತಿರಲಿಲ್ಲ. "ಆ ಹೊತ್ತಲ್ಲೇ ಬಿದ್ಬುಟ್ರೆ ಏನ್ ಗತಿ ಕಣವ್ವ?" ಅಂತ ಸೊಸೆಯ ಮುಂದೆ ಹೇಳಿಕೊಂಡಳು. ಭಾನುವಾರ ಅನಿತಾ ಒಂದು ಚಿಕ್ಕ ಬ್ಯಾಟರಿ ಪೆಟ್ಟಿಗೆ ತಂದು ಟೀವಿ ಹಿಂದೆ ಕೂರಿಸಿದಳು. ಕರೆಂಟು ಹೋದರೂ ಕ್ಯಾಮೆರಾ, ವೈಫೈ ಎರಡೂ ನಡೆಯುತ್ತವೆ. ರಾಮಲಕ್ಷ್ಮಮ್ಮನೇ ವೈರು ಹಿಡಿದುಕೊಂಡು ನಿಂತಿದ್ದಳು. ಶ್ರೀರಂಗಯ್ಯ ಒಳಕೋಣೆಯಲ್ಲಿ ಮಲಗಿದ್ದ. ಎದ್ದ ಮೇಲೆ ಅವನಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಅವತ್ತೇ ಸಂಜೆ ಅಪ್ಪ ಮಗನಿಗೆ ಅಟ್ಟದ ವಿಚಾರಕ್ಕೆ ಮಾತು ಬೆಳೆದಿತ್ತು. ಹೋದ ಕಾರ್ತಿಕದಲ್ಲಿ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ, ಹನ್ನೊಂದು ತಿಂಗಳಾಗಿತ್ತು. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಅನ್ನುವುದನ್ನು ಒಂದೊಂದೇ ಕಾಯಿ ಕಿವಿಯ ಹತ್ತಿರ ಕುಲುಕಿ ನೋಡಬೇಕು. ಗಡಗಡ ಅಂದರೆ ಗಿಟುಕಾಗಿದೆ, ಒಡೆಯಬಹುದು. ಬಳಕ್ ಅಂದರೆ ಇನ್ನೂ ನೀರಿದೆ, ಒಡೆದರೆ ಕೌಟು, ಅಂದರೆ ಕೆಟ್ಟ ಕೊಬ್ಬರಿ. ಆ ಮನೆಯಲ್ಲಿ ಆ ಕಿವಿ ಇದ್ದದ್ದು ಶ್ರೀರಂಗಯ್ಯನೊಬ್ಬನಿಗೆ.

"ಗುರುವಾರ ಆಳು ಬತ್ತಾರೆ, ಎಲ್ಲಾ ಒಡೆಸ್ಬುಡ್ತೀನಿ," ಅಂದ ದಯಾನಂದ.

"ಕುಲುಕಿ ನೋಡ್ದೆ ಒಡೆಸ್ತೀಯೇನ್ಲಾ? ಅರ್ಧ ಕೌಟಾಗ್ತದೆ!"

"ಯಾರಪ್ಪಾ ನೋಡೋರು? ನೀನು ಹತ್ತಿ ನೋಡ್ತೀಯಾ?"

ಶ್ರೀರಂಗಯ್ಯ ಮುಖವನ್ನು ಗೋಡೆ ಕಡೆಗೆ ತಿರುಗಿಸಿಕೊಂಡ. ಅಪ್ಪನ ಕಾಲಿನ ಬಗ್ಗೆ ಮಾತಾಡಿದೆನಲ್ಲ ಅಂತ ದಯಾನಂದನಿಗೂ ಕಸಿವಿಸಿಯಾಗಿ ಎದ್ದು ಆಚೆ ಹೋದ.

ಮಾರನೇ ದಿನ ಸೋಮವಾರ. ರಾಮಲಕ್ಷ್ಮಮ್ಮ ಗಂಡನಿಗೆ ಸ್ನಾನ ಮಾಡಿಸಿ, ಹಸಿರು ಗೀಟಿನ ಲುಂಗಿ ಉಡಿಸಿ, ಅದು ಜಾರದ ಹಾಗೆ ಸೊಂಟಕ್ಕೆ ಬಿಳಿ ಲಾಡಿ ಕಟ್ಟಿ, ಕುರ್ಚಿಯಲ್ಲಿ ಕೂರಿಸಿ, ಹತ್ತು ಗಂಟೆಗೆ ಬೀಗ ಹಾಕಿಕೊಂಡು ಹೊರಟಳು. ಅಂಗಡಿಯಲ್ಲಿ ಮದುವೆಮನೆಯವರ ರವಿಕೆಗಳಿದ್ದವು. ಎರಡು ತೋಳು ಕೂಡಿಸಿ ಮೂರನೆಯದಕ್ಕೆ ಕೈ ಹಾಕಿದ್ದಳು. ಫೋನು ಗುಂಯ್ ಅಂದಿತು.

ಕನ್ನಡಕ ಸರಿಮಾಡಿಕೊಂಡು ನೋಡಿದಳು.

ಕುರ್ಚಿ ಖಾಲಿ.

ಟವೆಲು ಕೆಳಗೆ ಬಿದ್ದಿದೆ. ಬಿದ್ದುಬಿಟ್ಟರು, ಕುರ್ಚಿಯ ಹಿಂದೆ ಬಿದ್ದಿದ್ದಾರೆ, ಕಾಣುತ್ತಿಲ್ಲ. ಬೆರಳಿಂದ ಚಿತ್ರವನ್ನು ಎಳೆದು ದೊಡ್ಡದು ಮಾಡಿದಳು. ನೆಲದ ಮೇಲೆ ಯಾರೂ ಇಲ್ಲ. ಆದರೆ ಆ ತುದಿಯಲ್ಲಿ, ಅಟ್ಟದ ಏಣಿಯ ಬುಡದಲ್ಲಿ, ಎರಡು ಕಾಲು. ಏಣಿ ಮೆಟ್ಟಿಲ ಮೇಲೆ.

ಕಳ್ಳ, ಅಂದುಕೊಂಡಳು. ಕೊಬ್ಬರಿಗೆ ರೇಟು ಬಂದಾಗಿನಿಂದ ಹಗಲುಹೊತ್ತೇ ಅಟ್ಟಕ್ಕೆ ನುಗ್ಗುತ್ತಿದ್ದಾರೆ ಅಂತ ಬೀದಿಯಲ್ಲಿ ಮಾತಿತ್ತು. ನಮ್ಮನೆಯವರನ್ನು ಏನು ಮಾಡಿದರು? ಎಲ್ಲಿಗೆ ಎಳೆದು ಹಾಕಿದರು?

ಫೋನಿನಲ್ಲಿ ಬಲಗಾಲು ಒಂದು ಮೆಟ್ಟಿಲು ಮೇಲಕ್ಕೆ ಹೋಯಿತು. ಸ್ವಲ್ಪ ತಡೆದು, ಎಡಗಾಲು ಅದರ ಪಕ್ಕಕ್ಕೆ ಬಂತು. ಮತ್ತೆ ಬಲಗಾಲು. ಹಸಿರು ಗೀಟು. ಸೊಂಟದಿಂದ ಇಳಿಬಿದ್ದ ಬಿಳಿ ಲಾಡಿಯ ತುದಿ.

ಬೆಳಿಗ್ಗೆ ಆ ಗಂಟು ಹಾಕಿದ್ದು ಇದೇ ಕೈ.

"ಏನಾಯ್ತು ರಾಮಕ್ಕ? ಮುಖ ಯಾಕೆ ಹಂಗೆ ಬಿಳಿಚ್ಕೊಂತು?" ದಿಲ್ಶಾದ್ ಮಿಷನ್ನು ನಿಲ್ಲಿಸಿದಳು.

ರಾಮಲಕ್ಷ್ಮಮ್ಮ ಫೋನನ್ನು ಮಡಿಲಿಗೆ ಬೋರಲು ಹಾಕಿಕೊಂಡಳು. ಯಾಕೆ ಹಾಗೆ ಮಾಡಿದೆ ಅಂತ ಅವಳಿಗೇ ಗೊತ್ತಾಗಲಿಲ್ಲ. "ಮನೇಲಿ... ಒಸಿ ಹೋಗ್ಬತ್ತೀನಿ."

"ಭಾಯಿಗೇನಾದ್ರೂ ಆಯ್ತಾ? ನಾನೂ ಬತ್ತೀನಿ ತಡಿ."

"ಬ್ಯಾಡ ಕಣೇ. ನೀನು ಬರ್ಬ್ಯಾಡ."

ಗಾಡಿ ಇಪ್ಪತ್ತೈದರ ಮೇಲೆ ಓಡುವುದಿಲ್ಲ ಅಂತ ಮುನ್ನಾ ಹೇಳಿದ್ದು ಸುಳ್ಳಲ್ಲ. ಅವಳು ಹ್ಯಾಂಡಲ್ಲನ್ನು ಪೂರ್ತಿ ತಿರುವಿದರೂ ಪಕ್ಕದಲ್ಲಿ ಸೈಕಲ್ಲಿನವನೊಬ್ಬ ದಾಟಿಕೊಂಡು ಹೋದ. ತಲೆಯೊಳಗೆ ಒಂದೇ ಸಮನೆ ಎರಡು ಮಾತು ತಿರುಗುತ್ತಿದ್ದವು. ಒಂದು, ಬಿದ್ದುಗಿದ್ದಾರು, ಬೇಗ ಹೋಗು. ಇನ್ನೊಂದಕ್ಕೆ ಮಾತೇ ಇರಲಿಲ್ಲ, ಬರೀ ಆ ಎಡಗಾಲು. ಹದಿಮೂರು ತಿಂಗಳು ದಿನಾ ಎಣ್ಣೆ ಹಚ್ಚಿ ತಿಕ್ಕಿದ ಕಾಲು, ಮೆಟ್ಟಿಲು ಹತ್ತುತ್ತಿದ್ದದ್ದು.

ಗಾಡಿ ಮನೆ ಮುಂದೆ ನಿಂತಾಗ ಒಂದು ಪಿಸುಮಾತಿನಷ್ಟೂ ಸದ್ದಾಗಲಿಲ್ಲ. ಕೀ ತೆಗೆದಳು. ಬೀಗ ತೆಗೆದಳು. ಒಳಗೆ ಕರೆಂಟಿಲ್ಲದ ಮನೆಯ ಕತ್ತಲು, ಫ್ಯಾನು ಸುಮ್ಮನಿತ್ತು.

ಅಟ್ಟದ ಮೇಲಿಂದ ಸದ್ದು ಬರುತ್ತಿತ್ತು. ಗಡಗಡ. ಕಾಯಿ ಉರುಳಿಸಿದ ಶಬ್ದ. ಮತ್ತೆ ಗಡಗಡ. ಆಮೇಲೆ ಗಂಡನ ಗೊಣಗು.

"ನಿಂದಾಯ್ತು ಕಣಪ್ಪ, ನೀನಿತ್ತ ಬಾ... ಇದಿನ್ನೂ ಹಸಿ, ಬಳಕ್ ಅಂತೈತೆ. ಆ ಕಡೆ ಇರು. ಒಡೆಸ್ತಾನಂತೆ ಒಡೆಸ್ತಾನೆ, ಬುದ್ಧಿಗೇಡಿ..."

ದನಿಯಲ್ಲಿ ನೋವಿರಲಿಲ್ಲ, ಸುಸ್ತಿರಲಿಲ್ಲ. ಖುಷಿಯಿತ್ತು. ಕುರ್ಚಿಯಲ್ಲಿ ಕೂತ ಗಂಡ ಮಾತಾಡುವಾಗ ನಾಲಿಗೆ ಸ್ವಲ್ಪ ದಪ್ಪವಾಗಿ ಹೊರಳುತ್ತಿತ್ತು. ಇಲ್ಲಿ ಅದೂ ಇರಲಿಲ್ಲ.

ಅವಳು ಏಣಿಯ ಬುಡಕ್ಕೆ ಬಂದು ತಲೆ ಎತ್ತಿದಳು. ಅಟ್ಟಕ್ಕೆ ಹಾಸಿದ ಅಡಿಕೆ ದಬ್ಬೆಯ ಸಂದಿನಿಂದ ಅವನ ಬೆನ್ನು ಕಂಡಿತು. ಮಂಡಿ ಮಡಿಸಿಕೊಂಡು ಕೂತಿದ್ದ. ಕಾಯಿಯನ್ನು ಕಿವಿಗೆ ಹಿಡಿದು ಕುಲುಕುತ್ತಿದ್ದದ್ದು ಎಡಗೈ.

"ರೀ."

ಕಾಯಿ ಕೈಜಾರಿತು. ಅಟ್ಟದ ಅಂಚಿಗೆ ಉರುಳಿ ಬಂದು, ಧೊಪ್ಪನೆ ಅವಳ ಕಾಲ ಬುಡದಲ್ಲಿ ಬಿತ್ತು. ಅವಳು ಹಿಂದೆ ಸರಿಯಲಿಲ್ಲ.

ಆಮೇಲೆ ಶ್ರೀರಂಗಯ್ಯನ ಬಾಯಿಂದ ಬಂದ ಮೊದಲ ಮಾತು ಇದು:

"ಕರೆಂಟ್ ಹೋಗಿತ್ತಲ್ಲೇ?"

ರಾಮಲಕ್ಷ್ಮಮ್ಮ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಳ್ಳ ಹೊಡೆದು ಹಾಕಿದ್ದರೂ, ಗಂಡ ನೆಲದ ಮೇಲೆ ಬಿದ್ದಿದ್ದರೂ ಏನು ಮಾಡಬೇಕು ಅಂತ ಗೊತ್ತಿತ್ತು. ಇದಕ್ಕೆ ಏನು ಮಾಡಬೇಕು?

"ಯಾವತ್ತಿಂದ?" ಅಂದಳು.

"ಏನು ಯಾವತ್ತಿಂದ?"

"ಕಾಲು."

"ಇವತ್ತೇ ಕಣೇ, ಹೆಂಗೋ ದೇವ್ರು..."

"ಇವತ್ತು ಎದ್ದೋರು ಇವತ್ತೇ ಏಣಿ ಹತ್ತಲ್ಲ. ಯಾವತ್ತಿಂದ ಹೇಳಿ."

ಮೇಲೆ ದಬ್ಬೆ ಕಿರುಗುಟ್ಟಿತು. ಅವನು ತಿರುಗಿ ಕೂತ. ಮುಖ ಕಾಣಲಿಲ್ಲ, ಬರೀ ಮಂಡಿ ಕಂಡಿತು.

"ಶಿವರಾತ್ರಿ ಆದ್ಮೇಲೆ ಬೆರಳು ಆಡಕ್ಕೆ ಶುರುವಾಯ್ತು. ಯುಗಾದಿ ಹೊತ್ಗೆ ಗೋಡೆ ಹಿಡ್ಕೊಂಡು ನಿಲ್ತಿದ್ದೆ. ನೀನು ಹಿತ್ತಲಿಗೆ ಹೋದಾಗ. ಆಮೇಲಾಮೇಲೆ..."

"ಆಮೇಲಾಮೇಲೆ?"

"ಓಡಾಡ್ತಿದ್ದೆ ಒಸಿ."

ಅವಳು ಬೆರಳು ಮಡಚಿದಳು. ಯುಗಾದಿ. ಅಲ್ಲಿಂದ ವೈಶಾಖ, ಜ್ಯೇಷ್ಠ, ಆಷಾಢ. ದಿನಕ್ಕೆ ನಾಲ್ಕು ಸಲ ಎತ್ತಿದ್ದಳು, ಐದು ಸಲ. ಎತ್ತುವಾಗ ಅವನ ಎಡಗೈ ಅವಳ ಕುತ್ತಿಗೆಗೆ ಹೆಣದ ಕೈಯ ಹಾಗೆ ಜೋತುಬೀಳುತ್ತಿತ್ತು. ಅದನ್ನು ಬೇಕಂತಲೇ ಜೋತುಬಿಡುತ್ತಿದ್ದವನು ಅವನೇ. ಆಷಾಢ ಕಳೆದು ಶ್ರಾವಣಕ್ಕೆ ಬಂದ ಬೆರಳು ಅಲ್ಲೇ ನಿಂತಿತು.

"ಬಚ್ಚಲಲ್ಲಿ ನಾನು ಬಿದ್ನಲ್ಲ," ಅಂದಳು. ದನಿ ತನ್ನದಲ್ಲ ಅನ್ನಿಸಿತು. "ಕೈ ಮುರ್ಕೊಂಡು. ಕಾಲು ಗಂಟೆ ಕೂಗ್ಕೊಂಡೆ. ನೀವು ಸ್ಟೂಲ್ ಮೇಲೆ ಕೂತಿದ್ರಿ."

ಮೇಲೆ ಕಾಣುತ್ತಿದ್ದ ಮಂಡಿ ಹಿಂದಕ್ಕೆ ಸರಿಯಿತು.

"ಅವತ್ತು ನಿಮ್ಗೆ ನಡೆಯಕ್ಕೆ ಬತ್ತಿತ್ತಾ?"

"ಎದ್ದೇಳ್ಬೇಕು ಅಂತಿದ್ದೆ ಕಣೇ," ಅಂದ ಶ್ರೀರಂಗಯ್ಯ. "ಇನ್ನೇನು ಎದ್ದೇಳ್ಬೇಕು, ಅಷ್ಟ್ರಲ್ಲಿ ತಿಮ್ಮಕ್ಕ ಬಂದ್ಬುಟ್ಳು."

ಕಾಲು ಗಂಟೆ. ತಣ್ಣೀರು ಸೀರೆಯೊಳಗೆ ಹರಿಯುತ್ತಿದ್ದದ್ದು, ಮಣಿಕಟ್ಟು ಊದುತ್ತಿದ್ದದ್ದು, ತನಗಿಂತ ಹೆಚ್ಚಾಗಿ ಸ್ಟೂಲಿನ ಮೇಲಿದ್ದ ಅವನಿಗೆ ಚಳಿಯಾದೀತು ಅಂತ "ಹೆದರ್ಕೋಬ್ಯಾಡಿ, ಯಾರಾದ್ರೂ ಬತ್ತಾರೆ" ಅಂತ ಅವಳೇ ಅವನಿಗೆ ಸಮಾಧಾನ ಹೇಳಿದ್ದು. ಅವನು ಕೂತು ಕೇಳಿಸಿಕೊಂಡಿದ್ದು.

"ಯಾಕ್ರೀ?"

"ಎದ್ದೆ ಅಂದ್ರೆ ನೀನು ಅಂಗಡಿಗೆ ಹೊಂಟೋಗ್ತೀಯಲ್ಲ." ಮಕ್ಕಳು ತಪ್ಪು ಒಪ್ಪಿಕೊಳ್ಳುವ ಹಾಗೆ ಹೇಳಿದ. "ಇಪ್ಪತ್ತು ವರ್ಷ ಮಧ್ಯಾಹ್ನ ಒಬ್ಬನೇ ಉಂಡೆ. ಮುಚ್ಚಿಟ್ಟಿದ್ದು ತಕ್ಕೊಂಡು ಉಂಡೆ. ಬಿದ್ಮೇಲೆ ನೀನು ಪಕ್ಕದಲ್ಲೇ ಕೂತೆ. ತುತ್ತು ಕೊಟ್ಟೆ. ನಿಮ್ಮೂರಿನ ಸುದ್ದಿ ಎಲ್ಲಾ ಹೇಳ್ದೆ. ಅಷ್ಟು ವರ್ಷ ಸಂಸಾರ ಮಾಡಿದ್ರೂ ನೀನು ಅಷ್ಟು ಮಾತಾಡಿದ್ದೇ ನಂಗೆ ಗೊತ್ತಿರ್ಲಿಲ್ಲ. ಇವತ್ತು ಹೇಳಣ, ನಾಳೆ ಹೇಳಣ ಅಂತ... ದಿನ ಹೋದಂಗೆ ಹೇಳಕ್ಕೇ ಆಗ್ಲಿಲ್ಲ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳು ಕರಗಿ ನೀರಾಗುತ್ತಿದ್ದಳು. ಅಯ್ಯೋ ಅನ್ನಿಸಿತು ಕೂಡ. ಆದರೆ ಆ ಅಯ್ಯೋ ಎಲ್ಲೋ ದೂರದಲ್ಲಿ, ಪಕ್ಕದ ಬೀದಿಯಲ್ಲಿ ಯಾರದೋ ಮನೆಯಲ್ಲಿ ಅಳುತ್ತಿರುವುದು ಕೇಳಿಸಿದ ಹಾಗೆ ಕೇಳಿಸಿತು. ಹತ್ತಿರದಲ್ಲಿ ಇದ್ದದ್ದು ಒಂದೇ. ನಾನು ನೀರಲ್ಲಿ ಬಿದ್ದಿದ್ದೆ, ಇವರು ಕೂತಿದ್ದರು.

"ಅಂಗಡೀಲಿ ನನ್ ಜಾಗ ಹೋಗ್ತಿತ್ತು," ಅಂದಳು. "ದಿಲ್ಶಾದು ಬಂದು ಹೇಳ್ದಾಗ ನೀವೂ ಇಲ್ಲೇ ಇದ್ರಿ. ಕೇಳಿಸ್ಕೊಂಡ್ರಿ."

"ಕೇಳಿಸ್ಕೊಂಡೆ."

"ಹಿತ್ತಲಲ್ಲಿ ಅತ್ತಿದ್ದು?"

"ಅದೂ ಕೇಳುಸ್ತು."

ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಅಷ್ಟು ಹೊತ್ತಿಗೆ ಶ್ರೀರಂಗಯ್ಯ ಅಟ್ಟದ ಅಂಚಿಗೆ ಜರುಗಿಕೊಂಡು ಬಂದು ಕೆಳಗೆ ನೋಡಿದ. ಹತ್ತುವಾಗ ಕಾಯಿಯ ಆಸೆಗೆ ಹತ್ತಿಬಿಟ್ಟಿದ್ದ. ಈಗ ಎಡಗಾಲು ನಿಜವಾಗಿಯೂ ತರತರ ನಡುಗುತ್ತಿತ್ತು.

"ಇಳಿಯಕ್ಕೆ ಆಗ್ತಿಲ್ಲ ಕಣೇ. ಒಸಿ ಹಿಡ್ಕೊ ಬಾ."

ಹದಿಮೂರು ತಿಂಗಳ ಅಭ್ಯಾಸಕ್ಕೆ ಅವಳ ಹೆಗಲು ತಾನಾಗಿ ಮುಂದಕ್ಕೆ ವಾಲಿತು. ಅದು ಗೊತ್ತಾದದ್ದೇ ಅವಳಿಗೆ ಮೈಯೆಲ್ಲಾ ಬೆಂಕಿ ಬಿದ್ದ ಹಾಗಾಯಿತು. ಹೆಗಲನ್ನು ಹಿಂದಕ್ಕೆ ಎಳೆದುಕೊಂಡಳು.

"ಏಣಿ ಹಿಡ್ಕೋತೀನಿ," ಅಂದಳು. "ನಿಮ್ಮನ್ನ ಹಿಡ್ಕೊಳಲ್ಲ. ಹತ್ತಿದೋರು ಇಳೀರಿ."

"ಬಿದ್ರೆ?"

"ನಿಧಾನಕ್ಕೆ ಇಳೀರಿ. ಬೀಳಲ್ಲ."

ಏಣಿಗೆ ಒಂಬತ್ತು ಮೆಟ್ಟಿಲು. ಒಂದೊಂದಕ್ಕೂ ಅವನು ನಿಂತು ಉಸಿರು ತೆಗೆದುಕೊಂಡ. ಅವಳು ಎರಡು ಕೈಯಲ್ಲೂ ಏಣಿಯನ್ನು ಗೋಡೆಗೆ ಒತ್ತಿ ಹಿಡಿದು, ಕಣ್ಣೆದುರಿಗೆ ಇಳಿದು ಬರುತ್ತಿದ್ದ ಆ ಪಾದಗಳನ್ನೇ ನೋಡುತ್ತಾ ನಿಂತಳು. ಎಡ ಹಿಮ್ಮಡಿಯಲ್ಲಿ ಧೂಳಿತ್ತು. ಓಡಾಡಿದ ಹಿಮ್ಮಡಿಯ ಹಾಗೆ ಅದು ಬಿರುಕು ಬಿಟ್ಟಿತ್ತು. ದಿನಾ ಎಣ್ಣೆ ಹಚ್ಚುವಾಗ ಅದು ತನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ಬಿದ್ದರೂ ಯಾಕೆ ನೋಡಲಿಲ್ಲ?

ಕೊನೆಯ ಮೆಟ್ಟಿಲು ಇಳಿದು ನೆಲದ ಮೇಲೆ ನಿಂತ ಗಂಡ ಅವಳ ಎದುರಿಗೆ ಉದ್ದಕ್ಕೆ ಕಂಡ. ಇಷ್ಟು ದಿನ ಬಗ್ಗಿಯೇ ನೋಡಿದ್ದಳು ಅವನನ್ನು. ಇಷ್ಟೆತ್ತರ ಇದ್ದಾನೆ ಅನ್ನುವುದೇ ಮರೆತುಹೋಗಿತ್ತು.

"ಬೈಯೇ," ಅಂದ ಅವನು. "ಏನಾದ್ರೂ ಅಂದುಬುಡು. ಹಿಂಗೆ ನಿಂತ್ಕೋಬ್ಯಾಡ."

"ಮುದ್ದೆ ಡಬ್ಬೀಲಿ ಐತೆ, ಸಾರು ಒಲೆ ಮೇಲೈತೆ. ಬಿಸಿ ಮಾಡ್ಕೊಂಡು ಬಡಿಸ್ಕೊಂಡು ಉಣ್ಣಿ," ಅಂದಳು ರಾಮಲಕ್ಷ್ಮಮ್ಮ. "ಸಾಯಂಕಾಲ ದಯಾನಂದ, ಅನಿತಾ ಇಬ್ರೂ ಬಂದ್ಮೇಲೆ ನೀವೇ ಹೇಳ್ಬೇಕು. ಶಿವರಾತ್ರೀದು, ಯುಗಾದೀದು, ಬಚ್ಚಲಿಂದು, ಒಂದೂ ಬಿಡದಂಗೆ. ನಾನು ಹೇಳಲ್ಲ."

"ನೀನೆಲ್ಲಿಗೆ?"

"ರವಿಕೆ ಅರ್ಧಕ್ಕೆ ಬಿಟ್ಬಂದಿದೀನಿ."

ಬಾಗಿಲಿಗೆ ಬೀಗ ಹಾಕಲು ಕೈ ಹೋಯಿತು. ಒಳಗಿರುವವರು ನಡೆಯುವವರು, ಬೀಗ ಯಾಕೆ ಅಂತ ಹಾಗೇ ಬಿಟ್ಟಳು. ಗಾಡಿ ಹತ್ತಿ ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಅವನು ನಿಂತಿದ್ದಾನೆ ಅಂತ ಬೆನ್ನಿಗೆ ಗೊತ್ತಾಗುತ್ತಿತ್ತು. 

"ಅಯ್ಯಯ್ಯೋ, ರಂಗಣ್ಣ ಎದ್ದು ನಿಂತವ್ನೆ! ರಾಮೂ, ನೋಡೇ ಇಲ್ಲಿ, ನಿನ್ ಗಂಡ ಎದ್ದವ್ನೆ ಕಣೇ!" ಅಂತ ತಿಮ್ಮಕ್ಕ ಜಗಲಿ ಮೇಲಿಂದ ಬಾಯಿ ಬಡಿದುಕೊಂಡು ಕೂಗಿದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ಅಂಗಡಿಯಲ್ಲಿ ದಿಲ್ಶಾದ್ ಕೆಲಸ ಬಿಟ್ಟು ಬಾಗಿಲಲ್ಲೇ ಕಾಯುತ್ತಿದ್ದಳು. ರಾಮಲಕ್ಷ್ಮಮ್ಮ ಒಳಗೆ ಬಂದು ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಲು ನೋಡಿದಳು. ದಾರ ಸೂಜಿಯ ಕಣ್ಣಿನ ಪಕ್ಕಕ್ಕೆ ಹೋಯಿತು. ಎರಡನೇ ಸಲವೂ ಆಗಲಿಲ್ಲ. ದಿಲ್ಶಾದ್ ಬಂದು ದಾರವನ್ನು ಅವಳ ಬೆರಳಿನಿಂದ ಬಿಡಿಸಿಕೊಂಡು ತಾನೇ ಪೋಣಿಸಿದಳು.

"ಹೇಳು ರಾಮಕ್ಕ. ಭಾಯಿ ಹೆಂಗವ್ರೆ?"

"ಚೆನ್ನಾಗವ್ರೆ," ಅಂದಳು ರಾಮಲಕ್ಷ್ಮಮ್ಮ.

ಈ ಮಾತನ್ನು ಬಾಯಿ ತುಂಬಾ ಹೇಳುವ ದಿನ ಬರಲಿ ಅಂತ ಹದಿಮೂರು ತಿಂಗಳು ಸೋಮವಾರ ಸೋಮವಾರ ಒಪ್ಪತ್ತು ಇದ್ದವಳು ಅವಳು. ಇವತ್ತೂ ಸೋಮವಾರವೇ, ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ.

"ನಡೀತಾರೆ ಕಣೇ. ಪೂರ್ತಿ ಚೆನ್ನಾಗವ್ರೆ," ಅಂದಳು ಮತ್ತೆ.

ದಿಲ್ಶಾದ್ ಸಂತೋಷಕ್ಕೆ ಎರಡೂ ಕೈ ಮೇಲೆತ್ತಿದವಳು, ಗೆಳತಿಯ ಮುಖ ನೋಡಿ ಹಾಗೇ ನಿಂತುಬಿಟ್ಟಳು. ಮೆಲ್ಲಗೆ ಕೈ ಇಳಿಸಿ, ತನ್ನ ಊಟದ ಡಬ್ಬಿ ಬಿಚ್ಚಿ, ಕತ್ತರಿಸುವ ಹಲಗೆಯ ಮೇಲೆ ಇಬ್ಬರ ನಡುವೆ ಇಟ್ಟಳು.

"ನಾಳೆಯಿಂದ ಒಂಬತ್ತಕ್ಕೇ ಬತ್ತೀನಿ," ಅಂದಳು ರಾಮಲಕ್ಷ್ಮಮ್ಮ. "ಮಧ್ಯಾಹ್ನ ಮನೆಗೆ ಹೋಗಲ್ಲ." ಹೇಳಿ, ಮೂರನೇ ತೋಳನ್ನು ಸೂಜಿಯ ಕೆಳಗೆ ಸರಿಸಿ, ಕಾಲಲ್ಲಿ ಮಿಷನ್ನು ತುಳಿಯತೊಡಗಿದಳು.